ನನ್ನ ಮದುವೆಗೆ ನಾನೇ ಅಡ್ಡಿ

ನಮ್ಮ ಸಭೆಯಲ್ಲಿ ತನ್ನ ಮದುವೆಗೆ ತಾನೇ ಎದ್ದು ನಿಂತು ಆಕ್ಷೇಪಣೆ ಹೇಳಿದ ಹುಡುಗಿ ಎಂದರೆ ನಾನೊಬ್ಬಳೇ! ಯಶವಂತಪುರದ ನಮ್ಮ ಪುಟ್ಟ ಕನ್ನಡ ಚರ್ಚಿನಲ್ಲಿ ಯಾರದೇ ಮದುವೆಯ ಪ್ರಕಟಣೆ ಓದಿದರೂ ಹಳಬರು ಈಗಲೂ ಒಂದು ಸಲ ನನ್ನ ಕಡೆ ತಿರುಗಿ ನೋಡಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಳ್ಳುತ್ತಾರೆ. ನಗಲಿ ಬಿಡಿ, ನಾನೂ ಅವರ ಜೊತೆ ನಗುತ್ತೇನೆ.

ಇದನ್ನು ಬರೆಯುವ ಮನಸ್ಸು ಬಂದದ್ದು ಮೊನ್ನೆ. ನಮ್ಮ ಸಭೆಯ ಒಬ್ಬ ಹುಡುಗಿಗೆ ನನಗಿದ್ದ ಕಾಯಿಲೆಯೇ ಬಂದಿದೆ ಎಂದು ಗೊತ್ತಾಯಿತು. ಅವಳ ತಾಯಿ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, ಬಾಗಿಲು ಮುಂದಕ್ಕೆ ತಳ್ಳಿ, "ಅದೇ ಕಣ್ರೀ... ನಿಮಗಿತ್ತಲ್ಲ..." ಎಂದು ಪಿಸುಗುಟ್ಟಿದರು. ಕಾಯಿಲೆಯ ಹೆಸರು ಅವರ ಬಾಯಿಂದ ಹೊರಡಲೇ ಇಲ್ಲ. ಆ ಹುಡುಗಿ ಮೂಲೆಯಲ್ಲಿ ಕೂತು ಏನೋ ಕದ್ದವಳ ಹಾಗೆ ತಲೆ ತಗ್ಗಿಸಿದ್ದಳು. ನನಗೆ ಎಷ್ಟು ಸಿಟ್ಟು ಬಂತೆಂದರೆ, "ಟಿ.ಬಿ. ಅಂತ ಗಟ್ಟಿಯಾಗಿ ಹೇಳಿ!" ಎಂದುಬಿಟ್ಟೆ. ಅವಳಿಗೆ ಅಂದು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾವು ಮೂಲತಃ ಗದಗ-ಬೆಟಗೇರಿಯವರು. ಅಪ್ಪನಿಗೆ ಯಶವಂತಪುರದ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತಿಕೆ, ನನಗೆ ಹೆಬ್ಬಾಳದ ಒಂದು ಕಚೇರಿಯಲ್ಲಿ ಟೈಪಿಸ್ಟ್ ಕೆಲಸ. ವಠಾರದ ಮನೆ. ಗೋಡೆಯಾಚೆ ಹುಬ್ಬಳ್ಳಿಯ ಪಾರ್ವತಕ್ಕ. ಅವರು ಬೆಳಿಗ್ಗೆ ಲಿಂಗಪೂಜೆಗೆ ಕೂರುವ ಹೊತ್ತಿಗೆ ನಮ್ಮಲ್ಲಿ ಕುಟುಂಬ ಪ್ರಾರ್ಥನೆ. ಆಮೇಲೆ ಎರಡೂ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಒಟ್ಟಿಗೇ ಶುರುವಾಗುತ್ತಿತ್ತು. ಅವ್ವನಿಗೂ ಪಾರ್ವತಕ್ಕನಿಗೂ ಬೆಂಗಳೂರಿನಲ್ಲಿ ಸಿಕ್ಕ ತವರು ಎಂದರೆ ಆ ಗೋಡೆ ಒಂದೇ.

ಇನ್ನು ಜಯಕರ. ಈಗ ನನ್ನ ಯಜಮಾನರು, ಹೆಸರು ಹಿಡಿಯಬಾರದು; ಆದರೆ ಇದು ಮದುವೆಗೆ ಮುಂಚಿನ ಕಥೆಯಾದ್ದರಿಂದ ಹೆಸರು ಹಿಡಿದೇ ಬರೆಯುತ್ತೇನೆ. ಬೇಕಾದರೆ ಮುನಿಸಿಕೊಳ್ಳಲಿ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಆರ್.ಟಿ. ನಗರದಲ್ಲಿ, ಅಲ್ಲಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದ ಕಾಲದಲ್ಲಿ, ವಿಧವೆ ತಾಯಿ ಮಾರ್ಥಮ್ಮನವರ ಜೊತೆ ಇದ್ದ. ಚರ್ಚಿನ ಕ್ವಾಯರಿನಲ್ಲಿ ನಾನು ಮುಂದಿನ ಸಾಲು, ಅವನು ಹಿಂದಿನ ಸಾಲಿನ ದಪ್ಪ ದನಿ. ನನ್ನ ಬೆನ್ನಿಗೆ ಆ ದನಿ ಬಡಿದಾಗಲೆಲ್ಲ ನನಗೆ ಶ್ರುತಿ ತಪ್ಪುತ್ತಿತ್ತು. ಇದನ್ನು ಗಮನಿಸಿದ್ದು ನಮ್ಮ ಅಯ್ಯನವರು. ಅಯ್ಯನವರೆಂದರೆ ಸಭಾಪಾಲಕರು, ನಮ್ಮಲ್ಲಿ ಎಲ್ಲರೂ ಹಾಗೇ ಕರೆಯುವುದು. ಅವರೇ ಎರಡೂ ಮನೆಯವರ ಹತ್ತಿರ ಮಾತಾಡಿ ಮದುವೆ ಗೊತ್ತು ಮಾಡಿದರು.

ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಆರಾಧನೆಯ ನಡುವೆ ಪ್ರಕಟಣೆ ಓದುವ ಪದ್ಧತಿ ಇದೆ. ಅಯ್ಯನವರು ಹುಡುಗ ಹುಡುಗಿಯ ಹೆಸರು ಹೇಳಿ, ಈ ಮದುವೆ ನಡೆಯಬಾರದೆನ್ನುವುದಕ್ಕೆ ಯಾರಿಗಾದರೂ ಕಾರಣ ಗೊತ್ತಿದ್ದರೆ ಈಗಲೇ ಹೇಳಿ ಎಂದು ಕೇಳುತ್ತಾರೆ. ಕೇಳಿ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾರೆ. ಆ ಗಳಿಗೆಯಲ್ಲಿ ಯಾರೂ ಏನೂ ಹೇಳುವುದಿಲ್ಲ. ಹೆಂಗಸರು ಹುಡುಗಿಯ ಸೀರೆ ನೋಡುತ್ತಾರೆ, ಗಂಡಸರು ಗಡಿಯಾರ ನೋಡುತ್ತಾರೆ. ಮೂರು ಸಲ ಕೇಳಿ, ಮೂರು ಸಲವೂ ಎಲ್ಲರೂ ಸುಮ್ಮನಿದ್ದರೆ ಮದುವೆಗೆ ದಾರಿ ಸುಗಮ. ಮೊದಲನೆಯ ಪ್ರಕಟಣೆಯ ದಿನ ಅವ್ವ ನನಗೆ ಹಸಿರು ರೇಷ್ಮೆ ಉಡಿಸಿ, ಮಲ್ಲಿಗೆ ಮುಡಿಸಿ ಕರೆದುಕೊಂಡು ಹೋದಳು. ನಾನು ಸೆರಗಿನೊಳಗೆ ಕೆಮ್ಮುತ್ತ ಕೂತಿದ್ದೆ.

ಕೆಮ್ಮು ಶುರುವಾಗಿ ಬಹಳ ದಿನವಾಗಿತ್ತು. ಸಂಜೆಯಾದರೆ ಮೈ ಬಿಸಿ. ಕ್ವಾಯರ್ ಅಭ್ಯಾಸ ಜಾಸ್ತಿಯಾಯಿತು ಎಂದರು ಒಬ್ಬರು. ಹೆಬ್ಬಾಳ ಕೆರೆಯ ಗಾಳಿ ಎಂದರು ಇನ್ನೊಬ್ಬರು. ಸಣ್ಣಗಾಗಿದ್ದಕ್ಕೆ, ಮದುವೆ ಗೊತ್ತಾದ ಹುಡುಗಿಯರು ಹಾಗೇ ಎಂದು ಎಲ್ಲರೂ ಮುಸಿಮುಸಿ ನಕ್ಕರು. ನನಗೂ ಅದೇ ಸರಿ ಅನ್ನಿಸಿತ್ತು! ಆದರೆ ಆ ವಾರವೇ ಒಂದು ಬೆಳಿಗ್ಗೆ ವಠಾರದ ನಲ್ಲಿಯ ಹತ್ತಿರ ಮುಖ ತೊಳೆಯುವಾಗ ಕೆಮ್ಮು ಬಂತು, ಉಗಿದರೆ ಕೆಂಪು. ಪಾರ್ವತಕ್ಕ ಪಕ್ಕದಲ್ಲೇ ಕೊಡ ತುಂಬಿಸುತ್ತಿದ್ದರು. ಕೊಡ ಅಲ್ಲೇ ಬಿಟ್ಟು ನನ್ನ ರಟ್ಟೆ ಹಿಡಿದರು.

"ಕೃಪಾ, ಸೀರಿ ಬದಲಿ ಮಾಡಿಕೊಂಡು ಬಾ. ದವಾಖಾನಿಗೆ ಹೋಗೂಣು."

"ಅವ್ವಗ ಹೇಳಿ..."

"ನಿಮ್ಮವ್ವಗ ನಾ ಹೇಳತೀನಿ. ನೀ ಮೊದಲ ನಡಿ."

ಎದೆರೋಗದ ಆಸ್ಪತ್ರೆಯ ಬೆಂಚನ್ನು ನಾನು ಆವತ್ತು ಮೊದಲು ನೋಡಿದ್ದು. ಉದ್ದನೆಯ ಮರದ ಬೆಂಚು, ಕೂತು ಕೂತು ನುಣ್ಣಗಾಗಿತ್ತು. ಎಲ್ಲರ ಕೈಯಲ್ಲೂ ಮುಚ್ಚಳವಿದ್ದ ಒಂದೊಂದು ಡಬ್ಬಿ, ಕಫ ಪರೀಕ್ಷೆಗೆ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಯಾರಾದರೂ ಗುರುತಿನವರು ಸಿಕ್ಕಿಬಿಟ್ಟರೆ ಎಂಬ ಹೆದರಿಕೆಯಿಂದ ಹೆಂಗಸರೆಲ್ಲ ತಲೆ ತುಂಬ ಸೆರಗು ಹೊದ್ದಿದ್ದರು. ಪಾರ್ವತಕ್ಕ ಮಾತ್ರ ಮದುವೆ ಮನೆಯಲ್ಲಿ ಕೂತವರ ಹಾಗೆ ಕಾಲು ಚಾಚಿ ಕೂತು, ಬುತ್ತಿ ಬಿಚ್ಚಿ, "ತಿನ್ನು, ಖಾಲಿ ಹೊಟ್ಟೀಲೆ ಅಂಜಿಕಿ ಜಾಸ್ತಿ ಆಕ್ಕೇತಿ" ಎಂದು ನನ್ನ ಕೈಗೆ ರೊಟ್ಟಿ ಕೊಟ್ಟರು. ಹೆಸರು ಕರೆಯುವವರೆಗೂ ಆ ರೊಟ್ಟಿಯನ್ನು ಹಿಡಿದುಕೊಂಡೇ ಇದ್ದೆ.

ಡಾಕ್ಟರಮ್ಮ ಎಕ್ಸ್-ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ನೇರವಾಗಿ ಹೇಳಿದರು. "ಟಿ.ಬಿ. ಇದೆಯಮ್ಮ. ಹೆದರ್ಬೇಡ, ವಾಸಿ ಆಗತ್ತೆ. ಆದ್ರೆ ಇಂಜೆಕ್ಷನ್ನು, ಮಾತ್ರೆ, ಒಂದು ದಿನಾನೂ ತಪ್ಪಿಸ್ಬಾರದು. ಒಂದು ವರ್ಷದ ಮೇಲೇ ಆಗಬಹುದು."

"ನನಗೆ ಮುಂದಿನ ತಿಂಗಳು ಮದುವೆ."

"ಆಗು. ಯಾರು ಬೇಡ ಅಂದ್ರು? ಆದ್ರೆ ಈಗಲ್ಲ. ಆ ಹುಡುಗನಿಗೆ ಮೊದಲು ವಿಷಯ ಹೇಳು. ನೀನು ಕ್ವಾಯರಲ್ಲಿ ಹಾಡ್ತೀಯಾ ಅಂದ್ಯಲ್ಲ, ಜೊತೇಲಿ ಹಾಡೋರೆಲ್ಲ ಬಂದು ಎಕ್ಸ್-ರೇ ತೆಗೆಸ್ಕೊಳ್ಳಲಿ."

ಅವರಿಗೆ ಅದು ದಿನಾ ಹೇಳುವ ಮಾತು. ನನಗೆ ಸಾಯುತ್ತೇನೆ ಎನ್ನುವ ಭಯಕ್ಕಿಂತ ಮೊದಲು ಬಂದದ್ದು, ಜಯಕರ ಇನ್ನು ನನಗೆ ಇಲ್ಲ ಎನ್ನುವ ಭಯ.

ಮನೆಯಲ್ಲಿ ಅವ್ವ ಎದೆ ಎದೆ ಬಡಿದುಕೊಂಡಳು. ಅತ್ತು ಮುಗಿದ ಮೇಲೆ ಕಣ್ಣೊರೆಸಿಕೊಂಡು, ದನಿ ತಗ್ಗಿಸಿ ತೀರ್ಮಾನ ಹೇಳಿದಳು. "ಯಾರ ಮುಂದೂ ಬಾಯಿ ಬಿಡಬ್ಯಾಡ. ಇನ್ನ ಎರಡ ಐತವಾರ ಅದಾವು. ಓದಿ ಮುಗೀಲಿ, ಮದಿವಿ ಆಗಲಿ. ಆಮ್ಯಾಲೆ ಗಂಡನ ಮನಿಯಾಗ ಬೇಕಾದಷ್ಟು ಔಷಧ ತಗೋ. ದೇವರು ನೋಡಿಕೊಳ್ತಾನ."

ಅವ್ವನನ್ನು ನಾನು ಬೈಯುವುದಿಲ್ಲ. ಇಂಥ ಕಾಯಿಲೆ ಇದ್ದ ಮನೆಯ ಹೆಣ್ಣನ್ನು ಯಾರೂ ಕೇಳುವುದಿಲ್ಲ ಎಂದು ಅವಳು ನೋಡಿ ಬಲ್ಲವಳು. ನಾನು ಜಯಕರನಿಗಾದರೂ ಹೇಳಿಬಿಡೋಣ ಎಂದರೆ ಅದಕ್ಕೂ ದಾರಿ ಇರಲಿಲ್ಲ. ಪ್ರಕಟಣೆ ಓದಲು ಶುರುವಾದ ಮೇಲೆ ಮದುವೆಯವರೆಗೆ ಹುಡುಗ ಹುಡುಗಿ ಮಾತಾಡಬಾರದು ಎನ್ನುವುದು ನಮ್ಮ ಹಿರಿಯರ ಕಟ್ಟು. ಅಲ್ಲಿಯವರೆಗೆ ಹುಡುಗಿಗೆ ಕ್ವಾಯರಿನಿಂದಲೂ ರಜೆ. ಕಚೇರಿಗೂ ಕಾಯಿಲೆ ರಜೆ ಹಾಕಿಸಿ ಅವ್ವ ನನ್ನನ್ನು ಮನೆಯಲ್ಲೇ ಕೂರಿಸಿದಳು. ಎರಡನೆಯ ಭಾನುವಾರ ಬಂತು, ಅಯ್ಯನವರು ಕೇಳಿದರು, ಸಭೆ ಸುಮ್ಮನಿತ್ತು, ನಾನೂ ಸುಮ್ಮನಿದ್ದೆ. 

ಬದಲಾವಣೆ ಶುರುವಾದದ್ದು ಅಪ್ಪನಿಂದ. ಅಪ್ಪ ಬೆಳಿಗ್ಗೆ ಸಂಜೆ ಕುಟುಂಬ ಪ್ರಾರ್ಥನೆಯಲ್ಲಿ ಎಲ್ಲರ ಹೆಸರನ್ನೂ ಹಿಡಿದು ಬೇಡುವ ಮನುಷ್ಯ. ಊರಲ್ಲಿರುವ ಚಿಕ್ಕಪ್ಪನ ಎತ್ತಿನಿಂದ ಹಿಡಿದು ಪಾರ್ವತಕ್ಕನ ಮಂಡಿನೋವಿನ ತನಕ ಯಾವುದೂ ಬಿಟ್ಟುಹೋಗುವ ಹಾಗಿಲ್ಲ. ಆ ವಾರ ಮಾತ್ರ "ಕರ್ತನೇ, ನಮ್ಮ ಕೃಪಾಳ ಮದುವೆಯನ್ನು..." ಎನ್ನುವಲ್ಲಿಗೆ ಬಂದ ಕೂಡಲೇ ಮಾತು ನಿಂತುಹೋಗುತ್ತಿತ್ತು. ಸ್ವಲ್ಪ ಹೊತ್ತು ಕಾದು, ಆಮೆನ್ ಎಂದು ಎದ್ದುಬಿಡುತ್ತಿದ್ದ. ಶನಿವಾರ ಸಂಜೆಯೂ ಹಾಗೇ ಆಯಿತು. ಅವ್ವ ಒಳಗೆ ಹೋದ ಮೇಲೆ ಅಪ್ಪ ಅಲ್ಲೇ ಕೂತು ಹೇಳಿದ.

"ಪ್ರಾರ್ಥನಾದಾಗ ಹೇಳಾಕ ಬರದಂಥಾದ್ದನ್ನ ಮಾಡಾಕ ಹ್ಯಾಂಗ ಬರತೈತಿ, ಮಗಳ?"

"ನಾ ಏನ ಮಾಡ್ಲಿ ಅಪ್ಪಾ?"

"ನಂಗೂ ತಿಳೀವಲ್ದು. ನಿನ್ನ ಮನಸ್ಸಿಗೆ ಕರ್ತ ಏನ ಹೇಳತಾನೋ ಅದನ್ನ ಮಾಡು. ನಾ ನಿನ್ನ ಹಿಂದ ಇರತೀನಿ."

ಮೂರನೆಯ ಭಾನುವಾರ. ಈಗ ಬರೆಯುವಾಗಲೂ ನನ್ನ ಎದೆ ಹೊಡೆದುಕೊಳ್ಳುತ್ತಿದೆ! ಅಯ್ಯನವರು ಕನ್ನಡಕ ಸರಿಮಾಡಿಕೊಂಡು ಹೆಸರು ಓದಿದರು. "ಇದು ಮೂರನೆಯ ಮತ್ತು ಕಡೆಯ ಸಲ ಕೇಳುವುದು. ಈ ಮದುವೆಗೆ ಅಡ್ಡಿ ಏನಾದರೂ ಯಾರಿಗಾದರೂ ಗೊತ್ತಿದ್ದರೆ..." ಅವರು ಮುಗಿಸುವುದರೊಳಗೆ ನಾನು ಎದ್ದು ನಿಂತಿದ್ದೆ. ಅವ್ವ ಸೆರಗು ಹಿಡಿದು ಎಳೆದಳು. ಅಯ್ಯನವರಿಗೆ ಅರ್ಥವಾಗಲಿಲ್ಲ. ನನಗೆ ತಲೆ ಸುತ್ತು ಬಂದಿದೆ ಅಂದುಕೊಂಡರು ಪಾಪ.

"ಕೂತ್ಕೋ ತಾಯಿ, ನೀರು ಕೊಡಿಸ್ತೀನಿ."

"ಅಯ್ಯನವರೇ, ಅಡ್ಡಿ ಇದೆ. ನಾನು ಹೇಳ್ತೀನಿ."

"ಮದುವೆ ಹುಡುಗಿ ಹೇಳೋ ಹಾಗಿಲ್ಲಮ್ಮ. ಇದು ಬೇರೆಯವರಿಗೆ ಕೇಳೋ ಪ್ರಶ್ನೆ."

"ಬೇರೆಯವರಿಗೆ ಗೊತ್ತಿಲ್ಲ. ನನಗೆ ಗೊತ್ತು. ನನಗೆ ಟಿ.ಬಿ. ಇದೆ."

ಹೇಳಿಬಿಟ್ಟೆ! ಎಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಆ ಕ್ಷಣಕ್ಕೆ ಇಳಿದುಹೋಯಿತು. ನನ್ನ ಬೆಂಚಿನಲ್ಲಿದ್ದ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಹಿಂದಿನ ಬೆಂಚಿಗೆ ಸರಿದರು. ಅವ್ವ ಮುಖ ಮುಚ್ಚಿಕೊಂಡಳು. ಗಂಡಸರ ಕಡೆಯಿಂದ ಅಪ್ಪ ಎದ್ದು ನಿಂತ. ಆಗ ಕ್ವಾಯರಿನ ಹಿಂದಿನ ಸಾಲಿನಿಂದ ಆ ದಪ್ಪ ದನಿ ಬಂತು.

"ಅಯ್ಯನವರೇ, ಇದು ಅಡ್ಡಿ ಅಲ್ಲ. ತಡ, ಅಷ್ಟೆ."

ಇಡೀ ಸಭೆ ಆ ಕಡೆ ತಿರುಗಿತು. ಜಯಕರನ ಕಿವಿ ಕೆಂಪಗಾಗಿತ್ತು, ಆದರೆ ಅವನು ಕೂರಲಿಲ್ಲ. ಅಷ್ಟರಲ್ಲಿ ಮುಂದಿನ ಬೆಂಚಿನಿಂದ ಮಾರ್ಥಮ್ಮನವರು ಎದ್ದರು. ಬಿಳಿ ಸೀರೆ, ಮಡಿಸಿದ ಛತ್ರಿ, ಯಾವತ್ತೂ ಬಗ್ಗದ ಬೆನ್ನು. "ಅಡ್ಡಿನೇ" ಎಂದರು. ಅಷ್ಟು ಹೇಳಿ ನಡುದಾರಿಯಲ್ಲಿ ನಡೆದು ಹೊರಗೆ ಹೋದರು. ಅಯ್ಯನವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು. "ಮೂರನೆಯ ಪ್ರಕಟಣೆ ಇವತ್ತು ಮುಗಿಯಲಿಲ್ಲ. ದೇವರ ಚಿತ್ತವಾದಾಗ ಓದೋಣ" ಎಂದು ಹೇಳಿ, ನನ್ನ ಆರೋಗ್ಯಕ್ಕಾಗಿ ಅಲ್ಲೇ ಪ್ರಾರ್ಥನೆ ಮಾಡಿದರು. ಇನ್ನು ನಾನು ಬದುಕಬೇಕು, ಆ ಮೂರನೆಯ ಪ್ರಕಟಣೆ ಓದಿಸಿಕೊಳ್ಳಬೇಕು. ನನಗೆ ಬೇರೆ ಯಾವ ಆಸೆಯೂ ಉಳಿಯಲಿಲ್ಲ.

ಆ ವಾರವೇ ನಮ್ಮ ಕ್ವಾಯರ್ ಪೂರ್ತಿ ಆಸ್ಪತ್ರೆಯಲ್ಲಿ ಸಾಲು ನಿಂತಿತು! ಡಾಕ್ಟರಮ್ಮ ಹೇಳಿದ ಮಾತನ್ನು ಅಯ್ಯನವರು ಆಜ್ಞೆಯ ಹಾಗೆ ಸಾರಿಬಿಟ್ಟಿದ್ದರು. ಎಕ್ಸ್-ರೇ ಕೋಣೆಯ ಮುಂದೆ ಹಾರ್ಮೋನಿಯಂ ನುಡಿಸುವವರು ಅಂಗಿಯ ಗುಂಡಿ ಬಿಚ್ಚಿಕೊಂಡು ನಾಚಿಕೊಂಡು ನಿಂತಿದ್ದರೆ, ಹಿಂದಿನಿಂದ ಯಾರೋ ಮೆಲ್ಲಗೆ ಶ್ರುತಿ ಹಿಡಿದು ಅವರನ್ನು ಛೇಡಿಸುತ್ತಿದ್ದರು. "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ" ಎಂದು ಒಳಗಿನಿಂದ ಕೂಗಿದರೆ, ಸಾಲಿನಲ್ಲಿದ್ದವರೆಲ್ಲ ಉಸಿರು ಹಿಡಿಯುತ್ತಿದ್ದರು. ಅಪ್ಪ, ಅವ್ವನದೂ ಸೇರಿ ಎಲ್ಲರ ಎದೆಯೂ ಸ್ವಚ್ಛ ಎಂದು ಗೊತ್ತಾದಾಗ ನಾನು ಅಲ್ಲೇ ಗೋಡೆಗೆ ಒರಗಿ ಅತ್ತುಬಿಟ್ಟೆ. ನನ್ನಿಂದ ಯಾರಿಗೂ ಬಂದಿರಲಿಲ್ಲ, ಅದಕ್ಕಿಂತ ದೊಡ್ಡ ಸಂತೋಷ ಆಗ ಬೇರೆ ಇರಲಿಲ್ಲ.

ಮಗನ ಜೊತೆ ಮಾರ್ಥಮ್ಮನವರೂ ಬಂದಿದ್ದರು. ಬೆಂಚಿನ ಆ ತುದಿಯಲ್ಲಿ ಕೂತು, ಛತ್ರಿಯನ್ನು ಮಧ್ಯೆ ಇಟ್ಟುಕೊಂಡು, ನನ್ನ ಕಡೆ ನೋಡದೆ ಹೇಳಿದರು.

"ನನ್ನ ಮಗನ್ನ ಬಿಟ್ಟುಬಿಡು ಕಣಮ್ಮಾ. ಅವರಪ್ಪನೂ ಇದೇ ಕಾಯಿಲೇಲಿ ಹೋಗಿದ್ದು. ಆಸ್ಪತ್ರೇಲಿ ಪಕ್ಕದ ಮಂಚ ಖಾಲಿ ಆಗೋದನ್ನೇ ನೋಡ್ತಿದ್ದೆ, ಆಮೇಲೆ ನಮ್ಮದೂ ಖಾಲಿ ಆಯ್ತು. ಇನ್ನೊಂದು ಸಲ ನೋಡೋ ಶಕ್ತಿ ನನಗಿಲ್ಲ."

"ಈಗ ವಾಸಿ ಆಗತ್ತಂತೆ, ಅಮ್ಮಾ."

"ಆಗ್ಲೂ ಹಾಗೇ ಅಂದಿದ್ರು."

ನನಗೆ ಅವರ ಮೇಲೆ ಕೋಪ ಬರಲಿಲ್ಲ.

ಇಂಜೆಕ್ಷನ್ ಶುರುವಾಯಿತು. ದಿನಾ ಬೆಳಿಗ್ಗೆ ಕೆಂಪು ಬಸ್ಸು, ಆಸ್ಪತ್ರೆಯ ಬೆಂಚು, ಸೂಜಿ. ಕೂರಲು ಆಗದಷ್ಟು ನೋವು. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಿಂತೇ ಬರುತ್ತಿದ್ದೆ, ಕಂಡಕ್ಟರ್ ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದ. ಸೂಜಿ ಚುಚ್ಚಿದ ಸ್ವಲ್ಪ ಹೊತ್ತಿಗೆ ತುಟಿಯ ಸುತ್ತ ಜೋಮು ಹಿಡಿಯುತ್ತಿತ್ತು, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ಹಾಡುವ ಹುಡುಗಿಗೆ ತುಟಿಯೂ ಇಲ್ಲ, ಕಿವಿಯೂ ಇಲ್ಲ! ಆ ದಪ್ಪ ಮಾತ್ರೆಗಳನ್ನು ನೋಡಿದರೇ ಹೊಟ್ಟೆ ತೊಳಸುತ್ತಿತ್ತು. ನನಗೆ ಭಯವಾಗುತ್ತಿದ್ದದ್ದು ಮಧ್ಯಾಹ್ನಗಳಲ್ಲಿ. ಅಪ್ಪ ಕೆಲಸಕ್ಕೆ ಹೋಗಿ, ಅವ್ವ ಮಲಗಿ, ವಠಾರ ನಿಶ್ಶಬ್ದವಾದಾಗ, ಗೂಡ್ಸ್ ಗಾಡಿಗಳು ಶಂಟ್ ಆಗುವ ಸದ್ದು ಕೇಳುತ್ತ, ನಾನು ಸತ್ತರೆ ಯಾವ ಹಾಡು ಹಾಡುತ್ತಾರೆ ಎಂದು ಯೋಚಿಸುತ್ತಿದ್ದೆ. ದೇವರಿಗೆ ಏನೂ ಹೇಳಲು ತೋಚುತ್ತಿರಲಿಲ್ಲ. ನೀನು ಇದೀಯ ತಾನೇ ಎಂದಷ್ಟೇ ಕೇಳುತ್ತಿದ್ದೆ.

ಮನೆಗೆ ಬರುವವರು ಕಡಿಮೆಯಾದರು. ಪ್ರತಿ ವಾರ ಒಬ್ಬೊಬ್ಬರ ಮನೆಯಲ್ಲಿ ನಡೆಯುವ ಪ್ರಾರ್ಥನೆ ಕೂಟ ನಮ್ಮ ಸರದಿಗೆ ಬಂದಾಗ, ಏನು ಮಾಡುವುದೆಂದು ಎಲ್ಲರೂ ಮುಖ ಮುಖ ನೋಡಿಕೊಂಡರಂತೆ. ಬರಬೇಡಿ ಎನ್ನಲು ಮನಸ್ಸಿಲ್ಲ, ಒಳಗೆ ಬರಲು ಧೈರ್ಯವಿಲ್ಲ. ಕೊನೆಗೆ ಅಯ್ಯನವರು ಒಂದು ದಾರಿ ಹುಡುಕಿದರು. ಕೂಟ ನಡೆದದ್ದು ವಠಾರದ ಅಂಗಳದಲ್ಲಿ, ನಲ್ಲಿಯ ಸುತ್ತ! ಪಾರ್ವತಕ್ಕ ತಮ್ಮ ಮನೆಯ ಜಮಖಾನೆ ತಂದು ಹಾಸಿದರು, ಅಕ್ಕಪಕ್ಕದವರು ಮೆಟ್ಟಿಲ ಮೇಲೆ ಕೂತರು. ನಾನು ಒಳಗೆ ಕಿಟಕಿಯ ಹತ್ತಿರ, ಬಾಯಿಗೆ ಬಟ್ಟೆ ಕಟ್ಟಿಕೊಂಡು. ಹಾಡು ಶುರುವಾದ ಮೇಲೆ ಗೇಟಿನ ಕಡೆಯಿಂದ ದಪ್ಪ ದನಿಯೊಂದು ಬಂದು ಸೇರಿತು. ಜಯಕರ ಶಿಫ್ಟ್ ಮುಗಿಸಿ, ಎಣ್ಣೆಯ ಕಲೆಯ ಬಟ್ಟೆಯಲ್ಲೇ ಬಂದಿದ್ದ. ನಾನು ಹಾಡುವ ಹಾಗಿರಲಿಲ್ಲ, ಕಿಟಕಿಯ ಸರಳನ್ನು ಬೆರಳಿನಿಂದ ತಟ್ಟುತ್ತ ತಾಳ ಹಾಕಿದೆ. ಮಾರನೆಯ ದಿನ ಡಾಕ್ಟರಮ್ಮನಿಗೆ ಇದನ್ನು ಹೇಳಿದಾಗ ಅವರು ಜೋರಾಗಿ ನಕ್ಕರು. "ಬಯಲಲ್ಲಿ ಕೂರಿಸಿದ್ರಾ? ನಿಮ್ಮ ಅಯ್ಯನವರು ಡಾಕ್ಟರ್ ಆಗ್ಬೇಕಿತ್ತು" ಎಂದರು.

ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಕರ್ತನ ಭೋಜನ ಇಲ್ಲದೆ ಇರುವುದು. ನಮ್ಮಲ್ಲಿ ಎಲ್ಲರೂ ಒಂದೇ ಪಾತ್ರೆಯಿಂದ ದ್ರಾಕ್ಷಾರಸ ಕುಡಿಯುತ್ತೇವೆ. ಆ ಪಾತ್ರೆಗೆ ನಾನು ಬಾಯಿ ಇಡುವುದು ಹೇಗೆ? ಬೇಡ ಎಂದು ನಾನೇ ಹೇಳಿ ಕಳಿಸಿದೆ. ಒಂದು ಭಾನುವಾರ ಮಧ್ಯಾಹ್ನ ಅಯ್ಯನವರು ಪಾತ್ರೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಸೈಕಲ್ಲಿನ ಮೇಲೆ ಮನೆಗೇ ತಂದರು. ಅಪ್ಪನಿಗೆ ಕೊಟ್ಟರು, ಅವ್ವನಿಗೆ ಕೊಟ್ಟರು, ಕೊನೆಯಲ್ಲಿ ನನಗೆ. ನಾನು ಹೆದರಿ ಹೆದರಿ ತುಟಿಗೆ ಮುಟ್ಟಿಸಿದೆ. ಆಮೇಲೆ ನೆನಪಾಯಿತು, ಉಳಿದದ್ದನ್ನು ಚೆಲ್ಲುವ ಹಾಗಿಲ್ಲ. ಕೊಟ್ಟವರೇ ಕುಡಿದು ಮುಗಿಸಬೇಕು.

"ಅಯ್ಯನವರೇ, ಬೇಡ! ನಾನು ಬಾಯಿ ಇಟ್ಟಿದೀನಿ!"

"ಗೊತ್ತು ತಾಯಿ. ಅದಕ್ಕೇ ನಿನಗೆ ಕಡೇಲಿ ಕೊಟ್ಟಿದ್ದು. ಇನ್ನು ಇದು ನನ್ನ ಪಾಲು."

ಅವರು ಒಂದು ತೊಟ್ಟೂ ಉಳಿಸದೆ ಕುಡಿದರು. ಅವ್ವ ಗೋಡೆಯ ಕಡೆ ತಿರುಗಿ ಬಿಕ್ಕಿದಳು. ಆವತ್ತಿನಿಂದ ಅವ್ವ ನನ್ನ ತಟ್ಟೆ ಲೋಟಗಳನ್ನು ಬೇರೆ ಇಡುವುದನ್ನು ಬಿಟ್ಟಳು. ಕಾಯಿಲೆ ಕೆಮ್ಮಿನ ಗಾಳಿಯಿಂದ ಬರುವುದು, ಲೋಟದಿಂದ ಅಲ್ಲ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಆದರೆ ಅವ್ವ ನಂಬಿದ್ದು ಅಯ್ಯನವರ ಗುಟುಕನ್ನು.

ಈ ನಡುವೆ ಆಸ್ಪತ್ರೆಯಲ್ಲಿ ಒಂದು ವಿಚಿತ್ರ ನಡೆಯಿತು. ಮಾರ್ಥಮ್ಮನವರು ಮತ್ತೆ ಬಂದರು! ಮಗನಿಲ್ಲದೆ, ಒಬ್ಬರೇ, ಆರ್.ಟಿ. ನಗರದಿಂದ ಎರಡು ಬಸ್ಸು ಬದಲಾಯಿಸಿ. ನನ್ನ ಹತ್ತಿರ ಮಾತಿಲ್ಲ. ಬೆಂಚಿನ ಮೇಲೆ ಕೂತವರನ್ನೆಲ್ಲ ಒಬ್ಬೊಬ್ಬರನ್ನಾಗಿ ವಿಚಾರಿಸತೊಡಗಿದರು. "ಎಷ್ಟು ದಿನ ಆಯ್ತಪ್ಪಾ? ತೂಕ ಬಂತಾ? ರಕ್ತ ನಿಂತಿತಾ? ಸುಳ್ಳು ಹೇಳ್ಬೇಡ, ಸರಿಯಾಗಿ ಹೇಳು." ಮೊದಮೊದಲು ಜನ ಮುಖ ತಿರುಗಿಸಿದರು. ಆದರೆ ಆಕೆ ಬಿಡುವ ಪೈಕಿಯಲ್ಲ. ಎರಡನೆಯ ಸಲ ಬಂದಾಗ ಯಲಹಂಕದಿಂದ ಬರುತ್ತಿದ್ದ ಒಬ್ಬ ಹಣ್ಣಿನ ವ್ಯಾಪಾರಿ, "ನೋಡಿ ಅಮ್ಮಾ, ಪ್ಯಾಂಟು ಬಿಗಿ ಆಗ್ತಾ ಐತೆ" ಎಂದು ಎದ್ದು ನಿಂತು ತೋರಿಸಿದ. ಬೆಂಚಿಗೆ ಬೆಂಚೇ ನಕ್ಕಿತು. ಒಬ್ಬರ ಮುಖ ಒಬ್ಬರು ನೋಡದೆ ಕೂರುತ್ತಿದ್ದ ಜನ ಮಾರ್ಥಮ್ಮನವರಿಗೆ ತಮ್ಮ ತೂಕ ಒಪ್ಪಿಸಲು ಪೈಪೋಟಿ ನಡೆಸತೊಡಗಿದರು. ನಾನು ಪಕ್ಕದಲ್ಲೇ ಕೂತು, ಇವರು ನನ್ನನ್ನು ಯಾವಾಗ ಕೇಳುತ್ತಾರೆ ಎಂದು ಕಾದೆ. ಬಹಳ ದಿನದ ಮೇಲೆ ಒಂದು ಬೆಳಿಗ್ಗೆ ಛತ್ರಿ ಎತ್ತಿ ಆಚೆ ಬದಿಗೆ ಇಟ್ಟು, ನನ್ನ ಪಕ್ಕಕ್ಕೆ ಸರಿದು, "ನಿನಗೆಷ್ಟು ಬಂತು?" ಎಂದರು.

ಇಂಜೆಕ್ಷನ್ ಮುಗಿದು ಮಾತ್ರೆ ಮಾತ್ರ ಉಳಿಯುವ ಹೊತ್ತಿಗೆ ನನಗೆ ಜ್ವರವೂ ಇಲ್ಲ, ಕೆಮ್ಮೂ ಇಲ್ಲ. ಕೆನ್ನೆ ತುಂಬಿತ್ತು, ಹಸಿವು ಹೇಳತೀರದು! ಡಾಕ್ಟರಮ್ಮ ಜನರ ನಡುವೆ ಓಡಾಡಬಹುದು ಎಂದರು, ನಾನು ಚರ್ಚಿಗೆ ಹೋದೆ. ಎಲ್ಲರಿಗೂ ಸಂಭ್ರಮ. ಮಹಿಳಾ ಕೂಟದವರು ನನ್ನನ್ನು ಸುತ್ತುವರಿದು, ಬರುವ ಭಾನುವಾರ ಎದ್ದು ನಿಂತು ಸಾಕ್ಷಿ ಹೇಳಬೇಕು, ಕರ್ತನು ಪೂರ್ತಿ ವಾಸಿಮಾಡಿದ ಎಂದು ಸಭೆಗೆಲ್ಲ ಸಾರಬೇಕು ಎಂದರು. "ಇನ್ನೂ ಮಾತ್ರೆ ತಗೋತೀಯಾ? ಪ್ರಾರ್ಥನೆ ಮಾಡಿ ವಾಸಿಯಾದ ಮೇಲೂ ಮಾತ್ರೆ ನುಂಗಿದ್ರೆ ನಂಬಿಕೆ ಎಲ್ಲಿ ಬಂತು?" ಎಂದು ಅಧ್ಯಕ್ಷೆಯವರು ಪ್ರೀತಿಯಿಂದಲೇ ಕೇಳಿದರು. ನಿಜ ಹೇಳಬೇಕೆಂದರೆ ನನಗೂ ಆ ಮಾತು ಸಿಹಿಯಾಗಿ ಕೇಳಿಸಿತು. ಆ ಮಾತ್ರೆಗಳಿಂದ ಬಿಡುಗಡೆ ಸಿಕ್ಕರೆ ಸಾಕಾಗಿತ್ತು. ಸಾಕ್ಷಿ ಹೇಳಿದ ಮೇಲೆ ಮೂರನೆಯ ಪ್ರಕಟಣೆಯನ್ನೂ ಓದಿಬಿಡಬಹುದು ಎಂದು ಆಸೆಯೂ ಆಯಿತು. ಅಷ್ಟರಲ್ಲಿ ಹಿಂದಿನಿಂದ ಛತ್ರಿಯ ತುದಿ ನೆಲಕ್ಕೆ ಬಡಿಯಿತು.

"ಮಾತ್ರೆ ಕೊಟ್ಟೋನೂ ಅವನೇ ಕಣ್ರೀ" ಎಂದರು ಮಾರ್ಥಮ್ಮನವರು. "ಅವನು ಕೊಟ್ಟಿದ್ದನ್ನ ಅರ್ಧಕ್ಕೇ ಬಿಸಾಕಿ ಸ್ತೋತ್ರ ಹೇಳ್ತೀರಾ? ಆ ಬೆಂಚಿನ ಮೇಲೆ ಕೂತು ನೋಡಿದೀನಿ. ಅರ್ಧಕ್ಕೆ ಬಿಟ್ಟು ಮತ್ತೆ ಬಂದೋರ ಪಾಡು ನನಗೆ ಗೊತ್ತು. ಮಾತ್ರೆ ಮುಗೀಲಿ. ಆಮೇಲೆ ಸಾಕ್ಷಿ."

ನಾನು ಮಾತ್ರೆ ನುಂಗಿದೆ, ಮುಗಿಯುವವರೆಗೂ ನುಂಗಿದೆ. ಆ ಭಾನುವಾರ ಸಾಕ್ಷಿ ಹೇಳಿಬಿಟ್ಟಿದ್ದರೆ ಈ ಬರಹ ಬರೆಯಲು ನಾನಿರುತ್ತಿರಲಿಲ್ಲವೇನೋ.

ಕೊನೆಯ ಎಕ್ಸ್-ರೇ ದಿನ ಮಾರ್ಥಮ್ಮನವರು ನನ್ನ ಜೊತೆಯಲ್ಲೇ ಬಂದರು. ಡಾಕ್ಟರಮ್ಮ ಅದನ್ನು ಕಿಟಕಿಗೆ ಹಿಡಿದು, "ಇನ್ನು ಇಲ್ಲಿಗೆ ಬರ್ಬೇಡಮ್ಮ, ಮದುವೆ ಊಟಕ್ಕೆ ಕರಿ" ಎಂದರು. ನಾನು ಹೊರಗೆ ಓಡಿಬಂದು ಕುಣಿಯುವುದೊಂದು ಬಾಕಿ! ಮಾರ್ಥಮ್ಮನವರು ಮಾತ್ರ ಗೇಟಿನ ಹತ್ತಿರದ ಕಟ್ಟೆಯ ಮೇಲೆ ಕೂತುಬಿಟ್ಟರು.

"ಕೂತ್ಕೋ ಕೃಪಾ. ನಿನಗೊಂದು ಹೇಳ್ಬೇಕು. ಜಯಕರನಿಗೂ ಹೇಳಿಲ್ಲ." ಛತ್ರಿಯನ್ನು ಮಡಿಲಲ್ಲಿ ಇಟ್ಟುಕೊಂಡರು. "ಅವರಪ್ಪನಿಗೆ ಮದುವೆಗೆ ಮುಂಚೇನೇ ಈ ಕಾಯಿಲೆ ಇತ್ತು. ನಮ್ಮ ಅತ್ತೆಗೆ ಗೊತ್ತಿತ್ತು, ಭಾವಂದಿರಿಗೆ ಗೊತ್ತಿತ್ತು, ಆ ಸಭೇಲಿ ಅರ್ಧ ಜನಕ್ಕೆ ಗೊತ್ತಿತ್ತು. ಮೂರು ಭಾನುವಾರ ಕೇಳಿದ್ರು. ಒಬ್ರೂ ಏಳ್ಲಿಲ್ಲ. ನಾನು ಹೊಸ ಸೀರೆ ಉಟ್ಕೊಂಡು ಮುಂದಿನ ಬೆಂಚಲ್ಲಿ ನಗ್ತಾ ಕೂತಿದ್ದೆ."

ನಾನು ಅವರ ಹತ್ತಿರಕ್ಕೆ ಸರಿದು ಕೂತೆ.

"ಸಾಯೋಕೆ ಮುಂಚೆ ಕ್ಷಮಿಸು ಅಂದ್ರು. ಕ್ಷಮಿಸಿದೀನಿ ಅಂದೆ, ಬಾಯಿ ಮಾತಿಗೆ. ಇಷ್ಟು ವರ್ಷ ಪ್ರತಿ ಭಾನುವಾರ ಕ್ಷಮೆ ಪ್ರಾರ್ಥನೆ ಹೇಳಿದೀನಿ, ಒಳಗೆ ಮಾತ್ರ ಹಾಗೇ ಉರೀತಿತ್ತು. ನೀನು ಎದ್ದು ನಿಂತೆಯಲ್ಲ, ಆವತ್ತು ಹೊರಗೆ ಮೆಟ್ಟಿಲ ಮೇಲೆ ಕೂತು ಅತ್ಕೊಂಡೆ. ನಿನ್ನ ಮೇಲಿನ ಕೋಪಕ್ಕಲ್ಲ. ನನ್ನ ಕಾಲಕ್ಕೆ ನಿನ್ನಂಥೋಳು ಒಬ್ಬಳೂ ಇರ್ಲಿಲ್ವಲ್ಲ ಅಂತ." ಅವರು ನನ್ನ ಕೈ ಹಿಡಿದುಕೊಂಡರು. "ಆ ಬೆಂಚಿನ ಮೇಲೆ ಕೂತು ಜನರ ಭಯ ನೋಡಿದೆ. ನಮ್ಮ ಯಜಮಾನ್ರೂ ಹೀಗೇ ಹೆದರಿಕೊಂಡು ಬಾಯಿ ಮುಚ್ಕೊಂಡಿದ್ದು ಅಂತ ಈಗ ತಿಳೀತು. ಈಗ ನಿಜವಾಗ್ಲೂ ಕ್ಷಮಿಸಿದೀನಿ. ಅಯ್ಯನವರಿಗೆ ಹೇಳು, ಓದ್ಲಿ."

ಅಯ್ಯನವರು ತಕ್ಷಣ ಒಪ್ಪಲಿಲ್ಲ! ಇಷ್ಟು ಕಾಲ ಕಳೆದ ಮೇಲೆ ಹಳೆಯ ಎರಡು ಪ್ರಕಟಣೆ ಲೆಕ್ಕಕ್ಕೆ ಬರುವುದಿಲ್ಲ, ಮೊದಲಿನಿಂದ ಮೂರು ಸಲ ಓದಬೇಕು ಎಂದರು. ಹಾಗೇ ಆಗಲಿ ಎಂದೆವು. ಎರಡು ಭಾನುವಾರ ಕಳೆದವು. ಮೂರನೆಯ ಭಾನುವಾರ ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಾರ್ವತಕ್ಕನೂ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಮಾರ್ಥಮ್ಮನವರು ತಮ್ಮ ಮುಂದಿನ ಬೆಂಚು ಬಿಟ್ಟು, ಅವ್ವನನ್ನು ಸರಿಸಿ, ನನ್ನ ಮಗ್ಗುಲಲ್ಲಿ ಕೂತರು.

ಅಯ್ಯನವರು ಹೆಸರು ಓದಿದರು. ಅಡ್ಡಿ ಏನಾದರೂ ಇದೆಯೇ ಎಂದು ಕೇಳಿದರು. ಕೇಳಿ, ಕನ್ನಡಕದ ಮೇಲಿನಿಂದ ನೇರವಾಗಿ ನನ್ನನ್ನೇ ನೋಡಿದರು. ಇಡೀ ಸಭೆ ನನ್ನ ಕಡೆ ತಿರುಗಿತು. ಕ್ವಾಯರಿನ ಹಿಂದಿನ ಸಾಲಿನಲ್ಲಿ ಜಯಕರ ಉಸಿರು ಹಿಡಿದು ನಿಂತಿದ್ದ. ನನಗೆ ಎಲ್ಲಿಲ್ಲದ ನಗು ಒತ್ತಿಕೊಂಡು ಬಂತು, ಭುಜ ಕುಲುಕತೊಡಗಿತು. ಮಾರ್ಥಮ್ಮನವರು ಗಾಬರಿಯಾಗಿ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದರು.

"ಎದ್ದೀಯಾ, ಜೋಕೆ!" ಎಂದರು ಕಿವಿಯಲ್ಲಿ.

"ಇಲ್ಲ, ಅತ್ತೆ" ಎಂದೆ.

ಅವರನ್ನು ಅತ್ತೆ ಎಂದು ಕರೆದದ್ದು ಅದೇ ಮೊದಲು.